ಮನೆಯೇ ಶಾಲೆಯಾದರೆ ಊರಿನ ಶಾಲೆ ಯಾರದು?



ಶಾಲಾ ಪ್ರವೇಶದ ದಿನಗಳು ಹತ್ತಿರವಾದಂತೆ ಶ್ರೀಮಠದ ಕಾರ್ಯಾಲಯಕ್ಕೆ ಬರುವ ಪತ್ರಗಳಲ್ಲಿ ಹೆಚ್ಚಿನವು ಪ್ರಸಾದ ನಿಲಯದಲ್ಲಿ ಮಗುವಿಗೊಂದು ಸ್ಥಾನ ಬೇಕೆಂಬ ಕೋರಿಕೆಗಳೇ ಆಗಿರುತ್ತವೆ. ಈಚಿನ ಕೆಲವು ವರ್ಷಗಳಿಂದ ಅವುಗಳ ನಡುವೆ ಬೇರೊಂದು ಬಗೆಯ ಪತ್ರವೂ ಬರತೊಡಗಿದೆ. ಬೆಂಗಳೂರು, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿರುವ, ಒಳ್ಳೆಯ ಉದ್ಯೋಗದಲ್ಲಿರುವ, ಸ್ವತಃ ಚೆನ್ನಾಗಿ ಓದಿದ ಭಕ್ತರು ಬರೆಯುತ್ತಾರೆ: ಮಗುವನ್ನು ಯಾವ ಶಾಲೆಗೂ ಸೇರಿಸದೆ ಮನೆಯಲ್ಲಿಯೇ ಓದಿಸಬೇಕೆಂದಿದ್ದೇವೆ, ಪೂಜ್ಯ ಅಪ್ಪಗಳ ಅಭಿಪ್ರಾಯವೇನು? ಒಂದೊಂದು ಮನೆಯ ವಿಷಯದಲ್ಲಿ ತೀರ್ಪು ಹೇಳುವುದು ಮಠದ ಕೆಲಸವಲ್ಲವೆಂದೂ, ಆದರೆ ವಿಷಯವನ್ನು ಭಕ್ತರ ಮುಂದೆ ಬಿಚ್ಚಿಡುವುದು ಕಾರ್ಯಾಲಯದ ಹೊಣೆಯೆಂದೂ ಪೂಜ್ಯರು ಅಪ್ಪಣೆ ಕೊಡಿಸಿದ್ದರಿಂದ ಈ ಬರೆಹ.

ಇಂತಹ ತಂದೆತಾಯಿಯರನ್ನು ಹಗುರವಾಗಿ ಕಾಣಲಾಗದು. ಅವರ ದೂರುಗಳಲ್ಲಿ ಬಹುಪಾಲು ನಿಜವಾದವು. ಎರಡು ಮೂರು ಲಕ್ಷ ಶುಲ್ಕ ತೆತ್ತು, ದಿನಕ್ಕೆ ಎರಡು ಗಂಟೆ ವಾಹನದಲ್ಲಿ ಕೂರಿಸಿ, ನಲವತ್ತು ಮಕ್ಕಳ ತರಗತಿಗೆ ಕಳಿಸಿದ ಮಗು ಸಂಜೆ ಬಾಡಿದ ಮುಖದಿಂದ ಮರಳಿ ಬಂದರೆ, ರಾತ್ರಿ ಮತ್ತೆ ಅದೇ ಪಾಠವನ್ನು ತಾಯಿಯೇ ಹೇಳಿಕೊಡಬೇಕಾದರೆ, ಶಾಲೆ ಮಾಡಿದ್ದಾದರೂ ಏನು ಎಂಬ ಪ್ರಶ್ನೆ ಏಳುವುದು ಸಹಜವೇ. ಅಮೆರಿಕದ ಶಿಕ್ಷಕ ಜಾನ್ ಹೋಲ್ಟ್ 1964ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಮಕ್ಕಳು ಶಾಲೆಯಲ್ಲಿ ಸೋಲುವುದು ದಡ್ಡತನದಿಂದಲ್ಲ, ಭಯದಿಂದ ಮತ್ತು ಬೇಸರದಿಂದ ಎಂದು ವಾದಿಸಿದರು. ಮುಂದೆ 1977ರಲ್ಲಿ ಶಾಲೆಯಿಲ್ಲದೆ ಬೆಳೆಯುವ ಮಕ್ಕಳ ತಂದೆತಾಯಿಯರಿಗಾಗಿಯೇ ಒಂದು ಪತ್ರಿಕೆಯನ್ನು ಆರಂಭಿಸಿದರು. ಇಂದು ನಮ್ಮ ನಗರಗಳಲ್ಲಿ ಕೇಳಿಬರುವ ವಾದಗಳ ಬೇರು ಬಹುಮಟ್ಟಿಗೆ ಅಲ್ಲಿದೆ. ಭಯವಿಲ್ಲದ ಕಲಿಕೆ ಬೇಕೆಂಬುದನ್ನು ಯಾರು ತಾನೇ ಅಲ್ಲಗಳೆಯಬಲ್ಲರು?

ಆದರೆ ಮನೆಯಲ್ಲಿ ಓದಿಸುವುದು ಹೊಸ ವಿಚಾರವೆಂಬಂತೆ ನಡೆಯುತ್ತಿರುವ ಚರ್ಚೆ ನಮಗೆ ಸೋಜಿಗವನ್ನು ತರುತ್ತದೆ. ಈ ನಾಡಿನಲ್ಲಿ ಹೊಸದಾಗಿ ಬಂದದ್ದು ಶಾಲೆಯೇ ಹೊರತು ಮನೆಯ ಕಲಿಕೆಯಲ್ಲ. ಕಮ್ಮಾರನ ಮಗ ಕುಲುಮೆಯ ಮುಂದೆ, ನೇಕಾರನ ಮಗ ಮಗ್ಗದ ಗುಂಡಿಯಲ್ಲಿ, ಶಾಸ್ತ್ರ ಬಲ್ಲವರ ಮಗ ಜಗಲಿಯ ಮೇಲೆ ಕಲಿತರು. ಲೆಕ್ಕಪತ್ರ, ಓದುಬರೆಹ ಬೇಕಾದವರಿಗೆ ಊರಿನಲ್ಲೊಂದು ಕೂಲಿಮಠವಿತ್ತು. ಐಗಳು ಮರಳಿನ ಮೇಲೆ ಅಕ್ಷರ ತಿದ್ದಿಸುತ್ತಿದ್ದರು. ಕಾಳುಕಡಿ ಕೊಟ್ಟವರ ಮಕ್ಕಳು ಮಗ್ಗಿ ಹೇಳುತ್ತಿದ್ದರು. ಆ ಐಗಳ ಶ್ರಮವನ್ನು ನಾವು ಗೌರವದಿಂದ ನೆನೆಯುತ್ತೇವೆ. ಆದರೂ ಆ ಮರಳಿನ ಸುತ್ತ ಯಾರು ಕೂತಿರಲಿಲ್ಲ ಎಂಬುದನ್ನೂ ನೆನೆಯಬೇಕು. ಹೆಣ್ಣುಮಕ್ಕಳು ಬಹುಮಟ್ಟಿಗೆ ಇರಲಿಲ್ಲ. ಕೇರಿಯ ಮಕ್ಕಳು ಇರಲೇ ಇಲ್ಲ. ಮನೆ ತನಗೆ ಗೊತ್ತಿದ್ದುದನ್ನು ಮಾತ್ರ ಕಲಿಸಬಲ್ಲದು. ತಂದೆಯ ಕಸುಬೇ ಮಗನ ಕಸುಬಾಗಿ, ಕಸುಬೇ ಜಾತಿಯಾಗಿ ಗಟ್ಟಿಗೊಂಡುದು ಯಾವ ಗ್ರಂಥದಿಂದಲೋ ಎನ್ನುವುದಕ್ಕಿಂತ ಈ ಮನೆಯ ಪಾಠದಿಂದಲೇ ಎನ್ನಬಹುದು.

ಹನ್ನೆರಡನೆಯ ಶತಮಾನದ ಶರಣರನ್ನು ಈ ಚರ್ಚೆಯ ಎರಡೂ ಕಡೆಯವರು ತಮ್ಮವರೆಂದು ಹೇಳಿಕೊಳ್ಳುವುದುಂಟು. ಶರಣರು ಯಾವ ಶಾಲೆಯಲ್ಲಿ ಓದಿದ್ದರು, ಅನುಭಾವಕ್ಕೆ ಪಠ್ಯಕ್ರಮವೆಲ್ಲಿತ್ತು ಎಂದು ಕೇಳಿ ಭಕ್ತರೊಬ್ಬರು ದೀರ್ಘವಾಗಿಯೇ ಬರೆದಿದ್ದರು. ಅಗ್ರಹಾರ, ಘಟಿಕಾಸ್ಥಾನಗಳ ವಿದ್ಯೆ ತಮಗೆ ಮುಚ್ಚಿದ ಬಾಗಿಲಾಗಿದ್ದುದರಿಂದ ಶರಣರು ತಮ್ಮ ಅರಿವನ್ನು ಕನ್ನಡದಲ್ಲಿ, ಕಾಯಕದ ನಡುವೆ ಕಂಡುಕೊಂಡರೆಂಬುದು ದಿಟ. ಆದರೆ ಅವರು ಅದನ್ನು ಮನೆಯೊಳಗೆ ಕುಳಿತು ಕಂಡುಕೊಳ್ಳಲಿಲ್ಲ. ಮಾದಾರ, ಮಡಿವಾಳ, ಅಂಬಿಗ, ಸೂಳೆವೃತ್ತಿಯಲ್ಲಿದ್ದ ಸಂಕವ್ವೆ, ಅರಮನೆಯನ್ನು ತೊರೆದು ಬಂದ ಅಕ್ಕ ಇವರೆಲ್ಲ ತಂತಮ್ಮ ಹೊಸ್ತಿಲು ದಾಟಿ ಒಂದೆಡೆ ಸೇರಿದ್ದರಿಂದಲೇ ಅದು ಅನುಭವ ಮಂಟಪವೆನಿಸಿತು. ಮನೆಮನೆಯಲ್ಲೂ ಪ್ರತ್ಯೇಕವಾಗಿ ಅರಿವು ಬೆಳಗಿದ್ದರೆ ಕಲ್ಯಾಣದಲ್ಲಿ ಯಾರಿಗೂ ಕಿರುಕುಳವಾಗುತ್ತಿರಲಿಲ್ಲ. ಕೂಡಿ ಕೂತದ್ದೇ ಅಲ್ಲಿ ಅಪರಾಧವಾಯಿತು.

ನಮ್ಮ ಸಮಾಜದ ಈಚಿನ ಚರಿತ್ರೆಯೂ ಇದೇ ದಿಕ್ಕಿನದು. ಹಾನಗಲ್ಲ ಕುಮಾರ ಶಿವಯೋಗಿಗಳು ಊರೂರು ಸುತ್ತಿದ್ದು, ಫ. ಗು. ಹಳಕಟ್ಟಿಯವರು ವಿಜಯಪುರದಲ್ಲಿ ವಿದ್ಯಾಸಂಸ್ಥೆ ಕಟ್ಟಿದ್ದು, 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ತರುಣ ಶಿಕ್ಷಕರು ಕರ್ನಾಟಕ ಲಿಂಗಾಯತ ಎಜುಕೇಶನ್ ಸೊಸೈಟಿಯನ್ನು ಸ್ಥಾಪಿಸಿದ್ದು, ಧಾರವಾಡದ ಮುರುಘಾಮಠದಲ್ಲಿ ಮೃತ್ಯುಂಜಯ ಅಪ್ಪಗಳು ಹಳ್ಳಿಯ ಬಡ ಹುಡುಗರಿಗೆ ಉಚಿತ ಪ್ರಸಾದ ನಿಲಯ ನಡೆಸಿದ್ದು, ಇವೆಲ್ಲವೂ ಮಕ್ಕಳನ್ನು ಮನೆಯಿಂದ ಹೊರಗೆ ತಂದ ಕಾರ್ಯಗಳು. ಒಕ್ಕಲುತನದ ಮನೆಗಳಲ್ಲಿ ಎತ್ತು ಕಾಯುವ ಹುಡುಗನನ್ನು ಬಿಟ್ಟುಕೊಡಿರೆಂದು ತಂದೆತಾಯಿಯರನ್ನು ಒಪ್ಪಿಸುವುದೇ ಅಂದಿನ ಮಠಾಧೀಶರ ದೊಡ್ಡ ಕೆಲಸವಾಗಿತ್ತು. ತುಮಕೂರಿನ ಸಿದ್ಧಗಂಗೆಯಲ್ಲಿ ಲಿಂಗೈಕ್ಯ ಶಿವಕುಮಾರ ಮಹಾಸ್ವಾಮಿಗಳು ಜಾತಿ ಮತ ಕೇಳದೆ ಸಾವಿರಾರು ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂರಿಸಿದರು. ಆ ಪಂಕ್ತಿಯಲ್ಲಿ ಉಂಡವರಿಗೆ ಪಕ್ಕದವನ ಜಾತಿ ಯಾವುದೆಂದು ಬಹುಕಾಲ ತಿಳಿದಿರಲಿಲ್ಲ. ಸರಕಾರ ತನ್ನ ಬಿಸಿಯೂಟದ ಯೋಜನೆಗೆ ಅಕ್ಷರ ದಾಸೋಹವೆಂದು ಹೆಸರಿಟ್ಟಾಗ ಆ ಪದವನ್ನು ಎಲ್ಲಿಂದ ಎರವಲು ಪಡೆಯಿತೆಂಬುದನ್ನು ಭಕ್ತರಿಗೆ ಹೇಳಬೇಕಾಗಿಲ್ಲ.

ಇನ್ನು ಕಾನೂನಿನ ಮಾತು. ಪತ್ರ ಬರೆದವರಲ್ಲಿ ಅನೇಕರಿಗೆ ಇಲ್ಲಿಯೇ ಗೊಂದಲ. 2002ರ 86ನೆಯ ಸಂವಿಧಾನ ತಿದ್ದುಪಡಿಯಿಂದ 6ರಿಂದ 14 ವರ್ಷದ ಮಕ್ಕಳ ಶಿಕ್ಷಣ ಮೂಲಭೂತ ಹಕ್ಕಾಯಿತು. ಅದನ್ನು ಜಾರಿಗೊಳಿಸುವ 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ನಡೆಯುತ್ತಿದೆ. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಿ ಅಥವಾ ಪೋಷಕರ ಕರ್ತವ್ಯವೆಂದು ಅದರ 10ನೆಯ ಪ್ರಕರಣ ಹೇಳುತ್ತದೆ. ಆದರೆ ಆ ಕರ್ತವ್ಯ ತಪ್ಪಿದವರಿಗೆ ಆ ಕಾಯ್ದೆಯಲ್ಲಿ ದಂಡವಿಲ್ಲ. ಕಡ್ಡಾಯ ಎಂಬ ಪದವನ್ನು ಅದು ಸರಕಾರದ ಮೇಲಿನ ಹೊರೆಯೆಂದೇ ವಿವರಿಸಿದೆ: ಶಾಲೆ ಒದಗಿಸಬೇಕಾದುದು, ಸೇರಿಸಿಕೊಳ್ಳಬೇಕಾದುದು, ಹಾಜರಾತಿ ನೋಡಿಕೊಳ್ಳಬೇಕಾದುದು ಸರಕಾರ. ಹೀಗಾಗಿ ಮನೆಶಿಕ್ಷಣವು ನಮ್ಮಲ್ಲಿ ಕಾನೂನು ಮಾನ್ಯ ಮಾಡಿದ ಪದ್ಧತಿಯೂ ಅಲ್ಲ, ಶಿಕ್ಷೆಗೆ ಗುರಿಯಾಗುವ ಅಪರಾಧವೂ ಅಲ್ಲ. ಮನೆಯಲ್ಲಿ ಓದಿಸುವವರು ಈ ಬಿರುಕಿನಲ್ಲಿ ನಿಂತಿದ್ದಾರೆ.

ಬೇರೆ ದೇಶಗಳು ಈ ಬಿರುಕನ್ನು ಒಂದು ಕಡೆಗೋ ಇನ್ನೊಂದು ಕಡೆಗೋ ಮುಚ್ಚಿವೆ. ಜರ್ಮನಿಯಲ್ಲಿ ಶಾಲೆಗೆ ಹೋಗುವುದೇ ಕಡ್ಡಾಯ. ಅಲ್ಲಿನ ಪೋಷಕರು ಧರ್ಮಶ್ರದ್ಧೆಯ ಕಾರಣ ಮುಂದಿಟ್ಟು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋದರೂ 2006ರಲ್ಲಿ ಪುರಸ್ಕಾರ ದೊರೆಯಲಿಲ್ಲ. ಅಮೆರಿಕದ ಐವತ್ತೂ ರಾಜ್ಯಗಳಲ್ಲಿ ಮನೆಶಿಕ್ಷಣಕ್ಕೆ ಅನುಮತಿಯಿದೆ. ಕೆಲವೆಡೆ ವರ್ಷಕ್ಕೊಮ್ಮೆ ಮೌಲ್ಯಮಾಪನ ಬೇಕು, ಕೆಲವೆಡೆ ಯಾರಿಗೂ ತಿಳಿಸಬೇಕಾಗಿಯೂ ಇಲ್ಲ. ಅಲ್ಲಿ ನೆಲೆಸಿರುವ ನಮ್ಮ ಭಕ್ತರು ತಮ್ಮ ಅನುಭವವನ್ನು ಇಲ್ಲಿಯ ಬಂಧುಗಳಿಗೆ ಹೇಳುವಾಗ ಈ ವ್ಯತ್ಯಾಸವನ್ನು ಬಿಟ್ಟೇ ಹೇಳುತ್ತಾರೆ. ಅಲ್ಲಿ ಮನೆಶಿಕ್ಷಣ ಬಿಟ್ಟು ಮರುವರ್ಷವೇ ಸರಕಾರಿ ಶಾಲೆಗೆ ಸೇರಿಸಬಹುದು, ಆ ಶಾಲೆ ಮನೆಯ ಹತ್ತಿರದಲ್ಲೇ ಇರುತ್ತದೆ, ಅಲ್ಲಿ ವೈದ್ಯರ ಮಗನೂ ಲಾರಿ ಚಾಲಕನ ಮಗನೂ ಜೊತೆಯಾಗಿ ಓದುವ ಊರುಗಳು ಬೇಕಾದಷ್ಟಿವೆ. ನಮ್ಮಲ್ಲಿ ಅಂತಹ ಊರು ಈಗ ಎಷ್ಟು ಉಳಿದಿವೆ?

ಇಡೀ ರಾಜ್ಯವೇ ಒಮ್ಮೆ ಮನೆಶಿಕ್ಷಣದ ಪರೀಕ್ಷೆಗೆ ಒಳಗಾದುದನ್ನು ಇಷ್ಟು ಬೇಗ ಮರೆಯಲಾಗದು. 2020ರ ಮಾರ್ಚಿಯಲ್ಲಿ ಮುಚ್ಚಿದ ಶಾಲೆಗಳಲ್ಲಿ 1ರಿಂದ 5ನೆಯ ತರಗತಿಗಳು ಪೂರ್ಣವಾಗಿ ತೆರೆದುದು 2021ರ ಅಕ್ಟೋಬರ್ 25ರಂದು. ಹತ್ತೊಂಬತ್ತು ತಿಂಗಳು. ಚಂದನ ವಾಹಿನಿಯಲ್ಲಿ ಪಾಠ ಬಿತ್ತರವಾಯಿತು. ವಿದ್ಯಾಗಮ ಎಂಬ ಹೆಸರಿನಲ್ಲಿ ಶಿಕ್ಷಕರು ಗುಡಿಯ ಪೌಳಿಯಲ್ಲಿ, ಸಮುದಾಯ ಭವನದಲ್ಲಿ, ಮರದ ನೆರಳಿನಲ್ಲಿ ಮಕ್ಕಳನ್ನು ಕೂರಿಸಿದರು; ಸೋಂಕಿನ ಭಯದಿಂದ ಅದೂ ಕೆಲವೇ ತಿಂಗಳಲ್ಲಿ ನಿಂತಿತು. ಅಸರ್ ಸಮೀಕ್ಷೆಯವರು 2021ರ ಆರಂಭದಲ್ಲಿ ಗ್ರಾಮೀಣ ಕರ್ನಾಟಕದಲ್ಲಿ ನೋಡಿದಾಗ, ಎರಡನೆಯ ತರಗತಿಯ ಪಾಠವನ್ನು ಓದಬಲ್ಲ ಮೂರನೆಯ ತರಗತಿಯ ಮಕ್ಕಳ ಪ್ರಮಾಣ 2018ಕ್ಕೆ ಹೋಲಿಸಿದರೆ ಅರ್ಧದಷ್ಟಕ್ಕೆ ಇಳಿದಿತ್ತು. ಅದೇ ಹತ್ತೊಂಬತ್ತು ತಿಂಗಳಲ್ಲಿ ನಗರದ ಕೆಲವು ಮನೆಗಳಲ್ಲಿ ಮಕ್ಕಳು ಪುಸ್ತಕ ಓದಿದರು, ವೀಣೆ ಕಲಿತರು, ಕಂಪ್ಯೂಟರಿನಲ್ಲಿ ಆಟ ರಚಿಸಿದರು. ಶಾಲೆಯಿಲ್ಲದೆಯೂ ಮಗು ಇಷ್ಟು ಕಲಿಯಿತಲ್ಲ ಎಂದು ಅವರ ತಂದೆತಾಯಿಯರಿಗೆ ಅನ್ನಿಸಿದುದು ಆಗಲೇ. ಎರಡೂ ಮನೆಗಳೇ. ಒಂದರಲ್ಲಿ ಓದಿದ ತಾಯಿ, ಬಿಡುವು, ಪುಸ್ತಕದ ಕಪಾಟು, ಪ್ರತ್ಯೇಕ ಕೋಣೆ ಇದ್ದವು. ಇನ್ನೊಂದರಲ್ಲಿ ಇದ್ದುದು ಒಂದು ಮೊಬೈಲು. ಅದೂ ಅಪ್ಪ ಕೆಲಸಕ್ಕೆ ಹೋಗುವಾಗ ಜೊತೆಯಲ್ಲಿ ಹೋಗುತ್ತಿತ್ತು.

ಮನೆಶಿಕ್ಷಣಕ್ಕೆ ಕಾನೂನಿನ ಬಾಗಿಲನ್ನು ಅಗಲವಾಗಿ ತೆರೆಯಬೇಕೆಂಬ ಬೇಡಿಕೆಯನ್ನು ನಾವು ಬೆಂಬಲಿಸದಿರುವುದಕ್ಕೆ ಕಾರಣ ಇದು. ಆ ಬಾಗಿಲಿನಿಂದ ಹಾಯುವವರು ಪತ್ರ ಬರೆದ ಭಕ್ತರಷ್ಟೇ ಆಗಿರುವುದಿಲ್ಲ. ಕಲಬುರಗಿ, ಯಾದಗಿರಿ, ರಾಯಚೂರು ಭಾಗದಲ್ಲಿ ಹದಿಮೂರು ವರ್ಷದ ಹುಡುಗಿ ಶಾಲೆ ಬಿಟ್ಟಳೆಂದರೆ ಇಂದು ಶಿಕ್ಷಕರು ಮನೆಗೆ ಹೋಗಿ ಕೇಳಬಹುದು, ಕಾರಣ ಬರೆದುಕೊಳ್ಳಬಹುದು. ಮನೆಯಲ್ಲೇ ಓದಿಸುತ್ತಿದ್ದೇವೆ ಎಂಬ ಉತ್ತರ ಕಾನೂನಿನ ದೃಷ್ಟಿಯಲ್ಲಿ ಸಾಕಾದುದೆನಿಸಿದರೆ ಆ ಶಿಕ್ಷಕರು ಹೊಸ್ತಿಲಿನಿಂದಲೇ ಹಿಂತಿರುಗಬೇಕಾಗುತ್ತದೆ. ಆಕೆ ಅಡುಗೆಮನೆಯಲ್ಲಿದ್ದಾಳೋ, ಹತ್ತಿ ಬಿಡಿಸಲು ಹೋಗಿದ್ದಾಳೋ, ಮದುವೆಯ ಮಾತುಕತೆ ನಡೆದಿದೆಯೋ ಯಾರು ಕೇಳಬೇಕು? ಕಬ್ಬು ಕಡಿಯಲು ಗುಳೆ ಹೋಗುವ ಕುಟುಂಬಗಳ ಮಕ್ಕಳ ಕಥೆಯೂ ಇಷ್ಟೇ. ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯವನ್ನು ರಾಜ್ಯದ ಉಚ್ಚ ನ್ಯಾಯಾಲಯವು 2013ರಲ್ಲಿ ತಾನಾಗಿಯೇ ಕೈಗೆತ್ತಿಕೊಂಡು ಸರಕಾರವನ್ನು ಪ್ರಶ್ನಿಸಿತು. ಹಾಜರಿ ಪುಸ್ತಕ ಎಂಬುದೊಂದು ಇದ್ದುದರಿಂದಲೇ ಆ ಪ್ರಶ್ನೆ ಕೇಳುವುದು ಸಾಧ್ಯವಾಯಿತು. ಹಾಜರಿ ಕರೆಯುವುದನ್ನು ಮಕ್ಕಳು ಬೇಸರದ ಸಂಗತಿಯೆಂದು ತಿಳಿಯುತ್ತಾರೆ. ಕೆಲವು ಮಕ್ಕಳಿಗೆ ಅದೊಂದೇ ರಕ್ಷಣೆ.

ಮನೆಗೇ ವಿದ್ಯೆ ಹೋಗಬೇಕಾದ ಮಕ್ಕಳೂ ಇದ್ದಾರೆ. ಏಳಲಾರದ, ತೀವ್ರ ಅಂಗವೈಕಲ್ಯವಿರುವ ಮಕ್ಕಳು ಮನೆಯಲ್ಲಿಯೇ ಶಿಕ್ಷಣ ಪಡೆಯುವ ಹಕ್ಕನ್ನು 2012ರ ತಿದ್ದುಪಡಿ ಕೊಟ್ಟಿದೆ. ಗೃಹಾಧಾರಿತ ಶಿಕ್ಷಣವೆಂಬ ಹೆಸರಿನಲ್ಲಿ ಅದು ನಮ್ಮ ರಾಜ್ಯದಲ್ಲಿಯೂ ಇದೆ. ಇಂತಹ ಮಗುವಿರುವ ಭಕ್ತರು ತಮ್ಮ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಕೇಳಿ ಪಡೆಯಬೇಕು. ಕೇಳದೆ ಮನೆಯಲ್ಲಿ ಸುಮ್ಮನಿರಿಸಿಕೊಂಡವರೇ ಹೆಚ್ಚು. ಆದರೆ ಅಂಗವೈಕಲ್ಯವಿದೆಯೆಂಬ ಮಾತ್ರಕ್ಕೆ ಮನೆಯೇ ಸರಿಯೆಂದಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಮೂಲೆ ಸೇರಿದ್ದ ಅಂಧ ಮಕ್ಕಳನ್ನು ಕರೆತಂದು ಸಂಗೀತಗಾರರನ್ನಾಗಿ ಮಾಡಿದ್ದು ಒಟ್ಟಿಗೆ ಕೂರಿಸಿಯೇ.

ಇಷ್ಟಾದರೂ ಮನೆಯಲ್ಲಿಯೇ ಓದಿಸುತ್ತೇವೆಂದು ನಿಶ್ಚಯಿಸಿದವರು ಕೆಲವು ಸಂಗತಿಗಳನ್ನು ಮೊದಲೇ ತಿಳಿದಿರಬೇಕು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಹತ್ತನೆಯ ತರಗತಿಯ ಪರೀಕ್ಷೆಗೆ ನೋಂದಾಯಿಸಲು ಮಗುವಿಗೆ 14 ವರ್ಷ ತುಂಬಿರಬೇಕು. ಆ ಪ್ರಮಾಣಪತ್ರಕ್ಕೆ ಮಾನ್ಯತೆಯಿದೆ, ಅದರಲ್ಲಿ ಸಂಶಯ ಬೇಡ. ತೊಡಕು ಬರುವುದು ಅದರ ಮುಂದೆ. ನಮ್ಮ ರಾಜ್ಯದ ಸಿಇಟಿಯಲ್ಲಿ ಸರಕಾರಿ ಸೀಟಿಗೆ ಅರ್ಹರಾಗಲು ಇರುವ ಸಾಮಾನ್ಯ ದಾರಿಯೆಂದರೆ 1ರಿಂದ 12ನೆಯ ತರಗತಿಯೊಳಗೆ ಕನಿಷ್ಠ ಏಳು ಪೂರ್ಣ ವರ್ಷ ಕರ್ನಾಟಕದಲ್ಲಿ ವ್ಯಾಸಂಗ ಮಾಡಿರುವುದು. ಗ್ರಾಮೀಣ ಮೀಸಲಾತಿಗೆ 1ರಿಂದ 10ರವರೆಗೆ ಗ್ರಾಮೀಣ ಪ್ರದೇಶದಲ್ಲಿ, ಕನ್ನಡ ಮಾಧ್ಯಮದ ಮೀಸಲಾತಿಗೆ 1ರಿಂದ 10ರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿರಬೇಕು. ಇವೆಲ್ಲಕ್ಕೂ ಬೇಕಾದುದು ಶಾಲೆಯ ಮುಖ್ಯೋಪಾಧ್ಯಾಯರು ಕೊಡುವ ವ್ಯಾಸಂಗ ಪ್ರಮಾಣಪತ್ರ. ತಾಯಿ ಎಷ್ಟೇ ಚೆನ್ನಾಗಿ ಕಲಿಸಿದ್ದರೂ ಆ ಪತ್ರಕ್ಕೆ ಸಹಿ ಹಾಕಲಾರಳು. ಈಗ ಆರು ವರ್ಷದ ಮಗುವಿನ ತಂದೆಗೆ ಇದು ದೂರದ ಮಾತೆನಿಸಬಹುದು. ಹದಿನೇಳನೆಯ ವರ್ಷದಲ್ಲಿ ಮಗು ವೈದ್ಯಳಾಗಬೇಕೆಂದು ಬಯಸಿದರೆ ಆಗ ಕಳೆದ ವರ್ಷಗಳ ದಾಖಲೆಯನ್ನು ಎಲ್ಲಿಂದ ತರುವುದು?

ಪ್ರಯೋಗ ಮಾಡಿ ಬೇಡವೆನಿಸಿದವರಿಗೆ ಹಿಂತಿರುಗುವ ದಾರಿ ಮುಚ್ಚಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ 4ನೆಯ ಪ್ರಕರಣದಂತೆ ಎಂದೂ ಶಾಲೆಗೆ ಸೇರದ ಮಗುವನ್ನೂ ಅದರ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು, ಹಿಂದುಳಿದುದನ್ನು ತುಂಬಿಸಿಕೊಳ್ಳಲು ವಿಶೇಷ ತರಬೇತಿ ಕೊಡಬೇಕು. ಈ ಸೌಲಭ್ಯವನ್ನು ಬಡ ಮಕ್ಕಳಿಗಾಗಿ ಯೋಚಿಸಲಾಗಿತ್ತು. ಸಿರಿವಂತರ ಮಕ್ಕಳಿಗೂ ಅದೇ ನಿಯಮ.

ಕನ್ನಡದ ವಿಷಯವನ್ನೂ ಹೇಳದೆ ಮುಂದೆ ಹೋಗಲಾರೆವು. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಪ್ರಕಾರ ರಾಜ್ಯದ ಎಲ್ಲ ಶಾಲೆಗಳೂ ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕು. ಮನೆಶಿಕ್ಷಣಕ್ಕೆ ಇಂತಹ ಯಾವ ಕಟ್ಟೂ ಇಲ್ಲ. ಅದಕ್ಕಾಗಿ ದೊರೆಯುವ ಪುಸ್ತಕ, ಪಾಠಸಾಮಗ್ರಿ, ವಿಡಿಯೊ ಎಲ್ಲವೂ ಬಹುಪಾಲು ಇಂಗ್ಲಿಷಿನಲ್ಲಿವೆ. ಮನೆಯಲ್ಲಿಯೇ ಬೆಳೆದ ಮಗು ಮನೆಮಾತನ್ನು ಚೆನ್ನಾಗಿ ಕಲಿಯುವುದೆಂದು ನಾವೂ ಎಣಿಸಿದ್ದೆವು. ಶ್ರೀಮಠಕ್ಕೆ ತಂದೆತಾಯಿಯರೊಡನೆ ಬಂದ ಇಂತಹ ಮಕ್ಕಳಲ್ಲಿ ಗ್ರಹಗಳ ಹೆಸರನ್ನೂ ಡೈನೊಸಾರುಗಳ ಹೆಸರನ್ನೂ ಪಟಪಟನೆ ಹೇಳುವವರಿದ್ದಾರೆ. ವಚನದ ಫಲಕವನ್ನು ಓದೆಂದರೆ ತಾಯಿಯ ಮುಖ ನೋಡುತ್ತಾರೆ. ಇದು ಆಂಗ್ಲ ಮಾಧ್ಯಮ ಶಾಲೆಯ ಮಕ್ಕಳಲ್ಲಿಯೂ ಇರುವ ಕೊರತೆಯೇ. ಆದರೆ ಅಲ್ಲಿ ವಾರಕ್ಕೆ ಕೆಲವು ತಾಸಾದರೂ ಕನ್ನಡದ ಶಿಕ್ಷಕಿಯೊಬ್ಬರು ಇರುತ್ತಾರೆ.

ಹಾಗಾದರೆ ಸರಕಾರಿ ಶಾಲೆ ಚೆನ್ನಾಗಿದೆಯೇ ಎಂದು ಭಕ್ತರು ಕೇಳಿಯೇ ಕೇಳುತ್ತಾರೆ. ಎಲ್ಲೆಡೆ ಚೆನ್ನಾಗಿಲ್ಲ. ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರಿರಬೇಕೆಂದು ಕಾಯ್ದೆ ಹೇಳಿದರೂ ಐದು ತರಗತಿಗಳನ್ನು ಒಬ್ಬರೇ ನಡೆಸುವ ಶಾಲೆಗಳಿವೆ. ಅವರೇ ಬಿಸಿಯೂಟದ ಲೆಕ್ಕ ಬರೆಯಬೇಕು, ಗಣತಿಗೆ ಹೋಗಬೇಕು, ಚುನಾವಣೆಯ ಕೆಲಸ ಮಾಡಬೇಕು. ಅತಿಥಿ ಶಿಕ್ಷಕರ ಗೌರವಧನ ತಿಂಗಳುಗಟ್ಟಲೆ ತಡವಾಗುವುದು ಗುಟ್ಟಲ್ಲ. ಮಕ್ಕಳಿಲ್ಲವೆಂದು ಶಾಲೆ ಮುಚ್ಚುತ್ತಾರೆ, ಶಿಕ್ಷಕರಿಲ್ಲವೆಂದು ಮಕ್ಕಳು ಬಿಡುತ್ತಾರೆ. ಯಾವುದು ಮೊದಲೋ ಹೇಳುವುದು ಕಷ್ಟ.

ಆದರೆ ಈ ಸ್ಥಿತಿ ಮಳೆಯಂತೆ ಮೇಲಿನಿಂದ ಬಿದ್ದುದಲ್ಲ. ನಲವತ್ತು ವರ್ಷಗಳ ಹಿಂದೆ ಊರಿನ ಗೌಡರ ಮಗ, ಶಾನುಭೋಗರ ಮಗ, ಅಂಗಡಿಯ ಶೆಟ್ಟರ ಮಗಳು, ಕೂಲಿಯವನ ಮಗ ಒಂದೇ ಶಾಲೆಯಲ್ಲಿದ್ದರು. ಮಾಸ್ತರು ಎರಡು ದಿನ ಬರದಿದ್ದರೆ ಮೂರನೆಯ ದಿನ ಗೌಡರು ತಾಲ್ಲೂಕು ಕಚೇರಿಗೆ ಹೋಗುತ್ತಿದ್ದರು, ಏಕೆಂದರೆ ಕೆಡುತ್ತಿದ್ದುದು ಅವರ ಮಗನ ಪಾಠವೂ ಹೌದು. ಮಾತಿಗೆ ಬೆಲೆಯಿದ್ದವರ ಮಕ್ಕಳು ಮೊದಲು ಪಟ್ಟಣದ ಕಾನ್ವೆಂಟಿಗೆ ಹೋದರು. ಮಠಗಳು ನಡೆಸುವ ಆಂಗ್ಲ ಮಾಧ್ಯಮ ಶಾಲೆಗಳೂ ಆ ಹೊರಡುವಿಕೆಯ ಒಂದು ಭಾಗವೇ. ಬಳಿಕ ಸಾಲ ಮಾಡಿಯಾದರೂ ಮಧ್ಯಮ ವರ್ಗದವರು ಹೋದರು. ಉಳಿದವರು ಕೇಳಿದರೂ ಕೇಳಿಸದವರು. ಈಗ ಕಾನ್ವೆಂಟೂ ಬೇಡವೆಂದು ಮನೆಗೆ ಮರಳುತ್ತಿರುವುದು ಅದೇ ಪ್ರಯಾಣದ ಮುಂದಿನ ಹೆಜ್ಜೆಯೆಂದು ನಮಗೆ ತೋರುತ್ತದೆ. ಮಗುವಿಗೆ ಇದರಿಂದ ಕೇಡಾಗುವುದೆಂದು ನಾವು ಹೇಳುವುದಿಲ್ಲ. ಓದಿದ ತಂದೆತಾಯಿಯರ ಮಗು ಎಲ್ಲಿದ್ದರೂ ಕಲಿಯುತ್ತದೆ. ಅದೇ ಕಾರಣದಿಂದ ಆ ಮಗು ಊರಿನ ಶಾಲೆಯಲ್ಲಿದ್ದರೂ ಹೆಚ್ಚೇನೂ ಕಳೆದುಕೊಳ್ಳುವುದಿಲ್ಲ, ಪಕ್ಕದಲ್ಲಿ ಕುಳಿತವನು ಗಳಿಸುವುದು ಮಾತ್ರ ಬಹಳ.

ಸರಕಾರಿ ಶಾಲೆಗೇ ಸೇರಿಸಿರೆಂದು ಕಟ್ಟಾಜ್ಞೆ ಮಾಡುವ ಅಧಿಕಾರ ನಮಗಿಲ್ಲ. ಸಂಜೆಯ ಎರಡು ತಾಸು, ಭಾನುವಾರಗಳು, ಬೇಸಿಗೆಯ ರಜೆ ಇವು ಮನೆಯವೇ. ಭಯವಿಲ್ಲದ ಕಲಿಕೆ, ತೋಟದ ಕೆಲಸ, ವಚನಗಾಯನ, ಇಷ್ಟಬಂದ ಪುಸ್ತಕ ಇವಕ್ಕೆಲ್ಲ ಅಷ್ಟು ಸಮಯ ಸಾಲುತ್ತದೆ. ಹಗಲಿನ ಐದಾರು ತಾಸು ಊರಿನ ಮಕ್ಕಳೊಡನೆ ಕಳೆಯಲಿ. ಪತ್ರ ಬರೆದವರಲ್ಲಿ ಮೂರು ಕುಟುಂಬಗಳು ಮನೆಯಿಂದಲೇ ಕಂಪನಿಯ ಕೆಲಸ ಮಾಡುತ್ತ ತಮ್ಮ ಸ್ವಂತ ಹಳ್ಳಿಗೆ ಮರಳಿರುವವರು. ಅಲ್ಲಿ ಶಾಲೆಯಿದೆ, ಕೊಠಡಿಯಿದೆ, ಮಕ್ಕಳ ಸಂಖ್ಯೆ ಸಾಲದು. ಅವರಿಗೆ ನಾವು ಬರೆದ ಉತ್ತರದ ಸಾರವನ್ನು ಇಲ್ಲಿಯೂ ಹೇಳುತ್ತೇವೆ. ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಲ್ಲಿ ಮುಕ್ಕಾಲು ಪಾಲು ಸದಸ್ಯರು ತಂದೆತಾಯಿ ಅಥವಾ ಪೋಷಕರಾಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದು ಕಾಯ್ದೆಯೇ ಹೇಳುತ್ತದೆ. ಶಾಲೆಯ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸುವುದೂ ಅನುದಾನದ ಬಳಕೆಯನ್ನು ನೋಡುವುದೂ ಆ ಸಮಿತಿ. ಪೋಷಕರ ಆ ಸ್ಥಾನಗಳು ಆ ಶಾಲೆಯಲ್ಲಿ ಮಗು ಓದುತ್ತಿರುವವರಿಗೆ ಮೀಸಲು. ಮಗುವನ್ನು ಮನೆಯಲ್ಲಿ ಓದಿಸುವ ಎಂಜಿನಿಯರ್ ತಂದೆಗೆ ಅಲ್ಲಿ ಕುರ್ಚಿಯಿಲ್ಲ. ಅಕ್ಷರ ಬಾರದ ಕೂಲಿಕಾರ ತಾಯಿ ಈಗ ಅಲ್ಲಿ ಒಬ್ಬಳೇ ಕುಳಿತು, ಓದಲಾಗದ ಠರಾವಿಗೆ ಹೆಬ್ಬೆಟ್ಟು ಒತ್ತುತ್ತಿದ್ದಾಳೆ.